ಮಂಗಳ ಹೇಳ್ತಾಳೆ

ನಮ್ಮೂರಿನ ಅಂಗಡಿಗಳಲ್ಲಿ ಸಾಮಾನನ್ನು ಬೈದು ಮಾರುತ್ತಾರೆ. ಹೊರಗಿನಿಂದ ಬಂದವರು ಮೊದಲ ದಿನ ಗಾಬರಿಯಾಗುತ್ತಾರೆ. ಪಾತ್ರೆ ಅಂಗಡಿಗೆ ಹೋಗಿ ಹಾಲು ಕಾಯಿಸುವುದಕ್ಕೆ ಒಂದು ಪಾತ್ರೆ ಕೊಡಿ ಎಂದರೆ ಅಂಗಡಿಯವರು ಅದನ್ನು ಬೆರಳಲ್ಲಿ ತಟ್ಟಿ, "ತಳ ತೆಳು ಕಣಮ್ಮ, ಹಾಲು ಸೀದುಹೋಗುತ್ತೆ. ಹಿಡಿ ಬೇರೆ ಸಡಿಲ. ಆಮೇಲೆ ಬಂದು ನನ್ನ ಕೇಳ್ಬೇಡ" ಅನ್ನುತ್ತಾರೆ. ಸೀರೆ ಅಂಗಡಿಯಲ್ಲಿ ಮಡಿಕೆ ಬಿಚ್ಚುವ ಮೊದಲೇ "ಎರಡು ಒಗೆತಕ್ಕೆ ಬಣ್ಣ ಬಿಡುತ್ತೆ" ಎಂದು ಶುರು ಮಾಡುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಅಪ್ಪ, "ಎರಡು ಕಣ್ಣು, ಒಂದು ಮೂಗು ಇದೆ. ಮಿಕ್ಕಿದ್ದು ನೀವೇ ನೋಡ್ಕೊಳ್ಳಿ" ಎಂದು ಹೇಳಿ ಒಳಗೆ ಹೋಗಿಬಿಡುತ್ತಾನೆ. ನನ್ನಪ್ಪನೂ ಹಾಗೇ ಮಾಡಿದ್ದ. ಬಾಗಿಲ ಸಂದಿಯಿಂದ ಅದನ್ನು ಕೇಳಿಸಿಕೊಂಡು, ಅಪ್ಪನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ನನಗೆ ಅಳು ಬಂದಿತ್ತು.

ಯಾಕೆಂದರೆ ನಮ್ಮಲ್ಲಿ ನೀವು ಯಾವ ಸುಖವನ್ನು ಹೇಳಿ ಇನ್ನೊಬ್ಬರ ಕೈಯಲ್ಲಿ ದುಡ್ಡು ಬಿಚ್ಚಿಸಿದಿರೋ, ಆ ಸುಖ ಅಲ್ಲಿಗೆ ನಿಮ್ಮ ಪಾಲಿಗೆ ಮುಗಿಯಿತು. ಮಿಠಾಯಿ ಅಂಗಡಿಯ ರೇವಣ್ಣ ಹರೆಯದ ಜಂಬದಲ್ಲಿ ತನ್ನ ಬಾದೂಷಾವನ್ನು ಹೊಗಳಿ ಮಾರಿದ. ಅವತ್ತಿನಿಂದ ಅವನ ಬಾಯಿಗೆ ಬಾದೂಷಾ ಅಂದರೆ ಸೀಮೆಸುಣ್ಣ. ಕಂಬಳಿ ಮಾರುವ ಸಂಕಣ್ಣ, "ನಮ್ಮವ್ವ ಇಂಥದ್ರಲ್ಲೇ ನನ್ನ ಸುತ್ತಿ ಮಲಗಿಸ್ತಿದ್ಲು" ಎಂದು ಒಂದೇ ಒಂದು ಸಲ ಹೇಳಿ ಮಾರಿದ. ಕಂಬಳಿ ಅವನನ್ನು ಈಗಲೂ ಬೆಚ್ಚಗಿಡುತ್ತದೆ. ಅವ್ವನನ್ನು ನೆನೆದರೆ ಮಾತ್ರ ಪಕ್ಕದ ಬೀದಿಯ ಯಾರೋ ಹೆಂಗಸನ್ನು ನೆನೆದ ಹಾಗಾಗುತ್ತದಂತೆ. ಹೋದದ್ದು ಮತ್ತೆ ಬರುವುದಿಲ್ಲ. ಅಂಗಡಿ ಮುಚ್ಚಿದರೂ ಬರುವುದಿಲ್ಲ, ಮಾರಿದ್ದನ್ನು ವಾಪಸ್ ತಂದರೂ ಬರುವುದಿಲ್ಲ. ಹಾಗೆ ಕಳೆದುಕೊಂಡವರು ಆಮೇಲೆ ಅದನ್ನೇ ಬಾಯಿತುಂಬ ಹೊಗಳುತ್ತಾ ತಿರುಗುತ್ತಾರೆ, ಇನ್ನು ಹೋಗುವುದಕ್ಕೆ ಏನೂ ಉಳಿದಿಲ್ಲವಲ್ಲ. ಅದಕ್ಕೇ ನಮ್ಮೂರಿನಲ್ಲಿ ಯಾರಾದರೂ ಧಾರಾಳವಾಗಿ ಚೆನ್ನಾಗಿದೆ, ಚೆನ್ನಾಗಿದೆ ಅಂದರೆ ಕೇಳಿಸಿಕೊಂಡವರು ಅಯ್ಯೋ ಪಾಪ ಅನ್ನುತ್ತಾರೆ.

ನನ್ನ ಗಂಡ ಗುರುಮಲ್ಲಪ್ಪನವರು ಸ್ಟವ್ ಮತ್ತು ಕುಕ್ಕರ್ ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ, ನಡುವೆ ಒಂದು ಗೋಡೆ, ಗೋಡೆಯಾಚೆ ನನ್ನ ಅಡಿಗೆಮನೆ. ನಮಗೆ ಮಕ್ಕಳಿಲ್ಲ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅವರು ಒಂದು ದಿನವೂ ಅಡಿಗೆ ಚೆನ್ನಾಗಿದೆ ಅಂದವರಲ್ಲ. "ಚಟ್ನಿಗೆ ಉಪ್ಪು ಒಂದು ಕಲ್ಲು ಕಮ್ಮಿ." "ದೋಸೆ ಅಂಚು ಸೀದಿದೆ." "ಕಾಫಿ ಯಾಕೋ ನೀರುನೀರು." ಹೊಸ ಸೀರೆ ಉಟ್ಟು ಮುಂದೆ ನಿಂತರೆ, "ನೆರಿಗೆ ಎಡಗಡೆ ಇಳಿದಿದೆ ನೋಡು." ಬೇರೆ ಊರಿನ ಹೆಂಗಸರಿಗೆ ಇದು ಕಿರಿಕಿರಿ ಅನ್ನಿಸಬಹುದು. ನಮ್ಮೂರಿನವರು ಇಂಥ ಮಾತನ್ನು ನಲ್ಲಿಯ ಹತ್ತಿರ ಒಬ್ಬರಿಗೊಬ್ಬರು ಹೇಳಿಕೊಂಡು ನಾಚುತ್ತೇವೆ. "ನಮ್ಮನೆಯವರು ಇವತ್ತು ಸಾರಿಗೆ ಮೂರು ತಪ್ಪು ಹುಡುಕಿದ್ರು ಕಣೆ" ಎಂದು ನಾನೂ ಕೊಡ ಎತ್ತುತ್ತಾ ಜಂಬ ಕೊಚ್ಚಿಕೊಂಡಿದ್ದೇನೆ. ಆದರೆ ನಿಜ ಹೇಳಿಬಿಡುತ್ತೇನೆ, ನಲವತ್ತು ಹತ್ತಿರ ಬಂದಮೇಲೆ ನನಗೆ ಅಷ್ಟು ಸಾಕಾಗಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಚೆನ್ನಾಗಿದೆ ಅನ್ನುವುದನ್ನು ಕಿವಿಯಾರೆ ಕೇಳಬೇಕು ಎಂದು ಆಸೆಯಾಗುತ್ತಿತ್ತು.

ಅಂಥ ಹೊತ್ತಿನಲ್ಲೇ ದಾಕ್ಷಾಯಿಣಿ ನಾಲ್ಕು ದಿನ ಇದ್ದುಹೋಗಲು ಬಂದಳು. ಅವಳು ನನ್ನ ಚಿಕ್ಕಪ್ಪನ ಮಗಳು, ಹುಟ್ಟಿ ಬೆಳೆದದ್ದೆಲ್ಲ ಹೊರಗೆ, ಮಾತಿಗೆ ಮೊದಲು "ಸೂಪರ್" ಅನ್ನುವ ಹುಡುಗಿ. ಬಂದ ಎರಡನೇ ದಿನ ತನ್ನ ಹಳೆಯ ಲ್ಯಾಪ್‌ಟಾಪನ್ನು ನನ್ನ ಊಟದ ಮೇಜಿನ ಮೇಲೆ ಇಟ್ಟಳು.

"ಅಕ್ಕಾ, ನೀನು ಸಾಮಾನು ಇಟ್ಕೊಳ್ಳೋದೂ ಬೇಡ, ಪ್ಯಾಕ್ ಮಾಡೋದೂ ಬೇಡ. ಒಂದು ವೆಬ್‌ಸೈಟು ಮಾಡ್ಕೊಡ್ತೀನಿ. ಈ ಪದಾರ್ಥ ಹೀಗಿದೆ, ಹಾಗಿದೆ ಅಂತ ನೀನು ಬರೀಬೇಕು. ಕೆಳಗೆ ಒಂದು ಲಿಂಕು. ಅದನ್ನ ಒತ್ತಿ, ಕಂಪನಿ ಹತ್ರ ಹೋಗಿ ಯಾರಾದ್ರೂ ತಗೊಂಡ್ರೆ ನಿನಗೆ ಕಮಿಷನ್. ಅಷ್ಟೇ."

"ಹೊಗಳಿ ಮಾರೋದು ಅನ್ನು" ಎಂದೆ.

"ಮಾರೋರು ಅವರು ಅಕ್ಕ. ನೀನು ಬರೀ ದಾರಿ ತೋರಿಸೋದು."

ದಾರಿ ತೋರಿಸುವುದಕ್ಕೂ ಒಂದು ಕ್ರಮವಿತ್ತು. ಸೈಟಿಗೆ ಬರುವವರು ಯಾವುದೋ ಒಂದು ಕಷ್ಟ ಇಟ್ಟುಕೊಂಡು ಬಂದಿರುತ್ತಾರೆ, ಮೊದಲು ಆ ಕಷ್ಟವನ್ನು ಅವರಿಗಿಂತ ಚೆನ್ನಾಗಿ ನಾನು ಹೇಳಬೇಕು. ಸಾಮಾನಿನ ಮಾತು ಆಮೇಲೆ. ಒಂದೆರಡು ಕೊರತೆಯನ್ನು ಬೇಕೆಂದೇ ಹೇಳಬೇಕು, ಹೇಳಿದರೆ ನಂಬಿಕೆ ಬರುತ್ತದೆ. ಕೊನೆಯಲ್ಲಿ ಕೇಸರಿ ಬಣ್ಣದ ಬಟನ್, ಅದರ ಮೇಲೆ 'ಈಗಲೇ ಕೊಳ್ಳಿ'. ಕೊರತೆ ಹೇಳುವುದನ್ನು ನಮ್ಮೂರಿನವಳಿಗೆ ಕಲಿಸಬೇಕೇ! ಸೈಟಿಗೆ 'ಮಂಗಳ ಹೇಳ್ತಾಳೆ' ಎಂದು ಹೆಸರಿಟ್ಟೆವು, ನನ್ನ ಪೂರ್ತಿ ಹೆಸರು ಸರ್ವಮಂಗಳ. ನನ್ನ ಗಂಡ ಕೈಯ ಮಸಿ ಒರೆಸಿಕೊಳ್ಳುತ್ತಾ ಬಂದು ಪರದೆಯನ್ನು ನೋಡಿ, "ಬಟನ್ ದಪ್ಪ ಆಯ್ತು" ಅಂದರು. ಅಂದರೆ ಅವರಿಗೆ ಇಷ್ಟವಾಗಿತ್ತು.

ನಾನೇನು ದಡ್ಡಿಯಲ್ಲ. ನನಗೆ ಏನೇನೂ ಪ್ರೀತಿಯಿಲ್ಲದ ಸಾಮಾನುಗಳನ್ನೇ ಆರಿಸಿಕೊಂಡೆ: ನೆಲ ಒರೆಸುವ ಕೋಲು, ಜಿರಲೆ ಔಷಧಿ, ಗೋಡೆಗೆ ಅಂಟಿಸುವ ಕೊಕ್ಕೆ. ಅವುಗಳ ಸುಖ ಹೋದರೆ ಹೋಗಲಿ, ಇದ್ದರಲ್ಲವೇ ಹೋಗುವುದು. ಎರಡು ತಿಂಗಳು ಒಬ್ಬರೂ ಬಟನ್ ಒತ್ತಲಿಲ್ಲ. "ಬರ್ತಾರೆ, ಅರ್ಧ ನಿಮಿಷ ನಿಲ್ತಾರೆ, ಹೋಗ್ತಾರೆ" ಎಂದಳು ದಾಕ್ಷಾಯಿಣಿ ಫೋನಿನಲ್ಲಿ. "ನಿನ್ನ ಬರವಣಿಗೇಲಿ ಜೀವ ಇಲ್ಲ ಅಕ್ಕ. ನಿನಗೆ ಇಷ್ಟ ಇರೋದರ ಬಗ್ಗೆ ಬರಿ."

ನನಗೆ ಇಷ್ಟವಿದ್ದದ್ದು ಕಾಫಿ ಫಿಲ್ಟರ್. ಮೊದಲು ಅದಕ್ಕೆ ಚೆನ್ನಾಗಿ ಬೈದೆ. ಕೆಳಗಿನ ಡಬ್ಬಿ ಬಿಗಿ, ತೆಗೆಯಲು ಹೋಗಿ ಬೆರಳು ಸುಟ್ಟುಕೊಳ್ಳುತ್ತೀರಿ. ಡಿಕಾಕ್ಷನ್ ಇಳಿಯಲು ಕಾಲು ಗಂಟೆ ಬೇಕು, ಅವಸರದವರಿಗೆ ಇದು ಆಗಿಬರುವುದಿಲ್ಲ. ಆಮೇಲೆ ಕೈ ತಾನಾಗಿ ಒಂದು ಸಾಲು ಬರೆಯಿತು: 'ಆ ಕಾಲು ಗಂಟೆ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ಅದಕ್ಕೇ ಇದು ನನಗೆ ಇಷ್ಟ.' ಅವತ್ತೇ ಹನ್ನೊಂದು ಜನ ಕೊಂಡರು. ಮಾರನೆಯ ಬೆಳಿಗ್ಗೆ ಡಿಕಾಕ್ಷನ್ ಎಂದಿನಂತೆ ತೊಟ್ಟಿಕ್ಕಿತು, ಘಮವೂ ಅದೇ. ನಾನು ಮಾತ್ರ ಬಸ್ಸಿಗೆ ಕಾದವಳ ಹಾಗೆ ಆ ಕಾಲು ಗಂಟೆಯನ್ನು ನಿಂತು ಕಳೆದೆ.

ಬೇಜಾರಾಗಬೇಕಿತ್ತು. ಆದರೆ ಪುಟದ ಕೆಳಗೆ ಯಾರೋ ಬರೆದಿದ್ದರು: 'ಎಷ್ಟು ಚೆನ್ನಾಗಿ ಬರೀತೀರಿ ಮೇಡಂ!' ಇನ್ನೊಬ್ಬರು, 'ನಿಮ್ಮ ಮಾತು ಓದ್ತಾ ಇದ್ರೆ ನಮ್ಮಕ್ಕ ಎದುರಿಗೆ ಕೂತ ಹಾಗಿದೆ.' ಎಲ್ಲಿಯವರೋ ಯಾರೋ, ನನ್ನ ಮುಖ ನೋಡಿದವರಲ್ಲ. ಅವರ ಊರಿನಲ್ಲಿ ಚೆನ್ನಾಗಿದೆ ಅನ್ನುವುದಕ್ಕೆ ಏನೂ ಬೆಲೆ ಕೊಡಬೇಕಾಗಿಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಅನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಎರಡು ಸಾಲನ್ನು ಸಂಜೆಯವರೆಗೆ ಓದಿದೆ. ಒಲೆಯ ಮೇಲಿನ ಪಲ್ಯ ಸೀದಿತ್ತು. ನನ್ನ ಗಂಡ ಅದನ್ನು ಹೇಳಿದಾಗ, ಮದುವೆಯಾದಮೇಲೆ ಮೊದಲ ಸಲ ನನಗೆ ಅವರ ಮೇಲೆ ಸಿಟ್ಟು ಬಂತು.

ಅಲ್ಲಿಂದ ಮುಂದೆ ವಾರಕ್ಕೊಂದು ಪುಟ. ಮಲ್ಲಿಗೆ ಹೂವಿನ ಎಣ್ಣೆ ಬರೆದೆ, ಮಲ್ಲಿಗೆ ಹೋಯಿತು. ಅಂಗೈಯಗಲದ ರೇಡಿಯೋ ಬರೆದೆ, ಹಾಡು ಹೋಯಿತು. ಹತ್ತಿಯ ಕೌದಿ, ಉಪ್ಪಿನಕಾಯಿಯ ಜಾಡಿ, ಕಾಲು ಅದ್ದಿ ಕೂರುವ ಬಿಸಿನೀರಿನ ಟಬ್ಬು. ಯಾವುದನ್ನು ಬರೆಯಲಿ ಎಂದು ಮನೆಯೆಲ್ಲ ಸುತ್ತಿ, ನನಗೆ ಇನ್ನೂ ಏನು ಇಷ್ಟವಿದೆ ಎಂದು ಹುಡುಕಿ, ಸಿಕ್ಕಿದ ಕೂಡಲೇ ಅದರ ಕತ್ತು ಹಿಸುಕುತ್ತಿದ್ದೆ. ಕಮಿಷನ್ ಹಣದಲ್ಲಿ ಗಂಡನಿಗೆ ಒಂದು ಹೊಸ ಡ್ರಿಲ್ಲಿಂಗ್ ಮಷೀನ್ ತಂದೆ. "ಸದ್ದು ಜಾಸ್ತಿ" ಅಂದರು. ಅದನ್ನು ದಿನಾ ಸಂಜೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದರು. ನಾನು ಹೂ ಮುಡಿಯದ್ದು, ರೇಡಿಯೋ ಹಾಕದ್ದು ಅವರ ಕಣ್ಣಿಗೆ ಬೀಳದೆ ಇರಲಿಲ್ಲ.

"ಸ್ವಲ್ಪ ನಿನಗೂ ಇಟ್ಕೋ ಮಂಗಳ" ಎಂದರು ಒಂದು ದಿನ, ಊಟದ ತಟ್ಟೆ ನೋಡುತ್ತಾ.

"ಏನನ್ನ?"

"ಏನನ್ನಾದ್ರೂ."

ಇಟ್ಟುಕೊಳ್ಳಲಿಲ್ಲ. ಹಬ್ಬದ ಮಾರಾಟದ ಕಾಲಕ್ಕೆ ನನ್ನ ಬಳಿ ಏನೂ ಉಳಿದಿರಲಿಲ್ಲ. ಬೀಡುಕಬ್ಬಿಣದ ದೋಸೆ ಕಾವಲಿಯ ಬಗ್ಗೆ ಒಂದು ಪುಟ ಬೇಕು ಎಂದು ಕಂಪನಿಯವರು ಬರೆದಿದ್ದರು. ಮಧ್ಯಾಹ್ನ ಮೇಜಿನ ಮುಂದೆ ಕೂತೆ. 'ಕಾವಲಿ ಭಾರ. ನೀರು ಬಿಟ್ಟರೆ ತುಕ್ಕು.' ಅಷ್ಟಕ್ಕೇ ನಿಂತಿತು. ಹನ್ನೆರಡನೇ ವಯಸ್ಸಿನಿಂದ ದೋಸೆ ಹುಯ್ಯುತ್ತಿದ್ದೇನೆ, ಅದರಲ್ಲಿ ನನಗೆ ಸುಖ ಅಂತ ಯಾವತ್ತೂ ಏನೂ ಕಂಡಿರಲಿಲ್ಲ. ಮೂರು ವಾರದಿಂದ ಹೊಸ ಪುಟವಿಲ್ಲ, ಮೂರು ವಾರದಿಂದ ಯಾರೂ ನನಗೆ ಚೆನ್ನಾಗಿದೆ ಅಂದಿಲ್ಲ. ಅಳು ಬಂತು, ಅತ್ತುಬಿಟ್ಟೆ. ನನ್ನ ಗಂಡ ಬರ್ನರ್ ಒಂದನ್ನು ಹಿಡಿದುಕೊಂಡೇ ಒಳಗೆ ಬಂದರು.

"ಏನಾಯ್ತು?"

"ಕಾವಲಿ ಬಗ್ಗೆ ಬರೀಬೇಕು ರೀ. ಏನೂ ಬರ್ತಾ ಇಲ್ಲ."

"ಬಿಟ್ಬಿಡು."

"ಬಿಡಕ್ಕಾಗಲ್ಲ. ಜನ ಕಾಯ್ತಿರ್ತಾರೆ."

ಯಾರೂ ಕಾಯುತ್ತಿರಲಿಲ್ಲ. ಕಾಯುತ್ತಿದ್ದವಳು ನಾನು. ಅವರು ಬರ್ನರ್ ತಿರುಗಿಸಿ ಅದರ ತೂತುಗಳನ್ನು ಊದಿದರು. "ಕಾವಲಿ ತಾನೆ? ನಾನು ಬರ್ಕೊಡ್ಲಾ? ನನಗೇನು ಅದರ ಮೇಲೆ ಅಂಥ ಪ್ರೀತಿ ಇಲ್ಲ. ಒಂದು ಕಬ್ಬಿಣದ ಸುಖ, ಹೋದ್ರೆ ಹೋಗ್ಲಿ."

ಅಳುತ್ತಿದ್ದವಳಿಗೆ ನಗು ಬಂತು. ಅಂಗಡಿಯ ಬೋರ್ಡು ಬರೆಸುವಾಗಲೂ ಎರಡೇ ಪದ ಸಾಕು ಅಂದವರು ಅವರು. ಆದರೂ ತಗಡಿಗೆ ಗುರುತು ಹಾಕುವ ಪೆನ್ಸಿಲ್ ತೆಗೆದುಕೊಂಡು, ಕುಕ್ಕರ್ ಗ್ಯಾಸ್ಕೆಟ್ಟಿನ ರಟ್ಟಿನ ಡಬ್ಬಿ ಬಿಚ್ಚಿ, ಅದರ ಒಳಮೈ ಮೇಲೆ ಎರಡು ದಿನ ಕೂತು ಬರೆದರು. ಮೂರನೆಯ ದಿನ ಊಟವಾದಮೇಲೆ ರಟ್ಟನ್ನು ನನ್ನ ಕೈಗಿಟ್ಟು, "ಕಾಗುಣಿತ ನೋಡ್ಕೋ" ಎಂದು ಹೇಳಿ, ಕಲ್ಯಾಣಮಂಟಪದ ದೊಡ್ಡ ಒಲೆ ರಿಪೇರಿಗೆ ಹೋದರು. ರಟ್ಟಿನ ಮೇಲೆ ಇದ್ದದ್ದು ಇಷ್ಟು:

'ಕಾವಲಿ ಭಾರ ಇದೆ. ಎತ್ತುವವರಿಗೆ ಮಣಿಕಟ್ಟು ನೋಯುತ್ತೆ. ನಮ್ಮ ಮನೆಯವಳು ಎಡಗೈಲಿ ಎತ್ತುತ್ತಾಳೆ, ಬಲಗೈ ಸೌಟಿಗೆ ಬೇಕು. ಕಾದಿದೆಯೋ ಇಲ್ಲವೋ ನೋಡೋದಕ್ಕೆ ನೀರು ಚಿಮುಕಿಸಿ, ತಲೆ ಒಂಚೂರು ವಾರೆ ಮಾಡಿ ಸದ್ದು ಕೇಳುತ್ತಾಳೆ. ಆಗ ಮುಖ ಹೇಗಿರುತ್ತೆ ಅಂದರೆ, ಯಾರೋ ಅವಳೊಬ್ಬಳಿಗೇ ಏನೋ ಹೇಳುತ್ತಾ ಇದ್ದಾರೆ ಅನ್ನೋ ಹಾಗೆ. ಕೂದಲು ಕಣ್ಣಿಗೆ ಬಿದ್ದರೆ ಮುಂಗೈಯಿಂದ ತಳ್ಳುತ್ತಾಳೆ, ಹಣೆಗೆ ಹಿಟ್ಟು ಹತ್ತುತ್ತೆ. ನಾನು ಹೇಳೋದಿಲ್ಲ. ಹೇಳಿದರೆ ಒರೆಸಿಬಿಡುತ್ತಾಳೆ. ಮೊದಲನೇ ದೋಸೆ ಹರಿಯುತ್ತೆ, ಅದನ್ನ ತಾನು ಇಟ್ಟುಕೊಳ್ಳುತ್ತಾಳೆ, ಎರಡನೇದು ನನಗೆ. ಹತ್ತೊಂಬತ್ತು ವರ್ಷ ಆಯಿತು. ಅಂಗಡೀಲಿ ಕೂತಾಗ ಗೋಡೆ ಆಚೆ ಚುಂಯ್ ಅನ್ನೋದು ಕೇಳಿಸಿದರೆ ಕೈಲಿರೋ ಕೆಲಸ ಬಿಟ್ಟು ಸುಮ್ಮನೆ ಕೂರುತ್ತೀನಿ. ಯಾಕೆ ಅಂತ ಗೊತ್ತಿಲ್ಲ. ಕಾವಲಿಗೆ ನೀರು ಬಿಟ್ಟು ಇಡಬೇಡಿ, ತುಕ್ಕು ಹಿಡಿಯುತ್ತೆ.'

ಕಾವಲಿಯ ಬಗ್ಗೆ ಬರೆದಿದ್ದೇನೆ ಎಂದೇ ಅವರು ತಿಳಿದಿದ್ದರು. ಹೊಗಳಿ ಅಭ್ಯಾಸವಿಲ್ಲದ ಮನುಷ್ಯ, ತಾನು ಹೊಗಳುತ್ತಿರುವುದು ಯಾವುದನ್ನು ಎಂಬುದು ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಒಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವಳು, ಯಾವ ಸಾಲಿಗೆ ಬಟನ್ ಒತ್ತುತ್ತಾರೆ, ಯಾವ ಸಾಲಿಗೆ ಏನು ಹೋಗುತ್ತದೆ ಎಂದು ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಒಲೆ ಪಕ್ಕದಲ್ಲೇ ಇತ್ತು. ರಟ್ಟನ್ನು ಸುಡಬಹುದಿತ್ತು. ಸುಡುವುದೂ ಬೇಡ, ಮಡಿಸಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದರೆ ಸಾಕಿತ್ತು. "ಚೆನ್ನಾಗಿ ಬಂದಿಲ್ಲ ರೀ, ಹಾಕಲಿಲ್ಲ" ಅಂದಿದ್ದರೆ ಅವರು ನಕ್ಕು ಸುಮ್ಮನಾಗುತ್ತಿದ್ದರು.

ನಾನು ಅದನ್ನು ಟೈಪ್ ಮಾಡಿದೆ. ಎರಡು ಕಡೆ ಕಾಗುಣಿತ ತಿದ್ದಿದೆ. ಚೆನ್ನಾಗಿದೆ ಎಂಬ ಪದವೇ ಇದರಲ್ಲಿ ಇಲ್ಲವಲ್ಲ, ಇದು ಹೊಗಳಿಕೆ ಹೇಗಾದೀತು ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಸುಳ್ಳು. ನನ್ನನ್ನು ಒಬ್ಬರು ಹೀಗೆ ನೋಡಿದ್ದಾರೆ, ಹತ್ತೊಂಬತ್ತು ವರ್ಷ ನೋಡಿದ್ದಾರೆ ಎಂದು ಲೋಕಕ್ಕೆಲ್ಲ ಗೊತ್ತಾಗಬೇಕಿತ್ತು ನನಗೆ. ನನಗೊಬ್ಬಳಿಗೆ ಗೊತ್ತಾದದ್ದು ಸಾಲಲಿಲ್ಲ. ಪುಟವನ್ನು ಹಾಕಿ, ಎದುರಿಗೇ ಕೂತುಕೊಂಡೆ.

ಮೊದಲು ಬಂದದ್ದು ಮಾತುಗಳು. 'ಎಂಥ ಪುಣ್ಯವಂತೆ ನೀವು!' 'ಓದಿ ಕಣ್ಣಲ್ಲಿ ನೀರು ಬಂತು.' ಯಾರೂ ಇನ್ನೂ ಕೊಂಡಿರಲಿಲ್ಲ. ಕೊಳ್ಳುವವರೆಗೆ ಏನೂ ಹೋಗುವುದಿಲ್ಲ, ಪುಟವನ್ನು ಅಳಿಸಲು ಒಂದು ಬೆರಳು ಸಾಕು. ಇನ್ನೊಂದು ಮಾತು ಬರಲಿ, ಅಳಿಸುತ್ತೇನೆ ಎಂದುಕೊಂಡೆ. ಬಂತು. ಇನ್ನೊಂದೇ ಒಂದು ಎಂದುಕೊಂಡೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಯಾರೋ ಒಬ್ಬರು ಒಂದು ಕಾವಲಿ ಕೊಂಡರು. ಆಮೇಲೆ ನಾನು ಲೆಕ್ಕ ನೋಡಲಿಲ್ಲ.

ಸಂಜೆ ಅವರು ಬರುವ ಹೊತ್ತಿಗೆ ಕಾವಲಿ ಒಲೆಯ ಮೇಲಿಟ್ಟಿದ್ದೆ. ನೀರು ಚಿಮುಕಿಸಿ, ತಲೆ ವಾರೆ ಮಾಡಿ ಸದ್ದು ಕೇಳಿದೆ. ಈ ಸಲ ಹಾಗೆ ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಮುಂಗೈಯಿಂದ ಕೂದಲು ತಳ್ಳಿ, ಹಿಟ್ಟು ಹಣೆಗೆ ಹತ್ತಿದ್ದನ್ನು ಹಾಗೇ ಬಿಟ್ಟೆ. ಅವರು ಕೈಕಾಲು ತೊಳೆದು ಬಂದು ಕೂತರು. ನನ್ನನ್ನು ನೋಡಿದರು.

"ಹಣೆಗೆ ಹಿಟ್ಟು ಹತ್ತಿದೆ, ಒರೆಸ್ಕೋ" ಅಂದರು.

ಎರಡನೆಯ ದೋಸೆ ಹಾಕಿದೆ. ಅಂಚು ಕಪ್ಪಗಾಗಿತ್ತು. ಪೂರ್ತಿ ತಿಂದರು. ತಟ್ಟೆಯನ್ನು ತಾವೇ ತೊಳೆದು ಬೋರಲು ಹಾಕಿದರು, ಹತ್ತೊಂಬತ್ತು ವರ್ಷದಲ್ಲಿ ಹಾಗೆ ಮಾಡಿದವರಲ್ಲ. ಆಮೇಲೆ ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡು, ನಗುಮುಖದಲ್ಲಿ ಹೇಳಿದರು: "ದೋಸೆ ಚೆನ್ನಾಗಿತ್ತು."

ನಾನು ಒಲೆ ಆರಿಸಿದೆ. ಅಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಅದೇ.

ಈಗ ದಿನಾ ಕೇಳುತ್ತೇನೆ. ಅವರಿಗೆ ನನ್ನ ಮೇಲೆ ಕೋಪವಿಲ್ಲ, ಜಗಳವಿಲ್ಲ, ನನಗೆ ಜ್ವರ ಬಂದರೆ ಮಾತ್ರೆ ತಂದುಕೊಡುತ್ತಾರೆ. ಕಾಫಿ ಚೆನ್ನಾಗಿದೆ, ಸೀರೆ ಚೆನ್ನಾಗಿದೆ, ನೀನು ಬರೆಯೋದೂ ಚೆನ್ನಾಗಿದೆ. ಗೋಡೆಯ ಈಚೆ ನಾನು ಹಿಟ್ಟು ಹುಯ್ದಾಗ ಅಂಗಡಿಯ ಕಡೆ ಕಿವಿಗೊಡುತ್ತೇನೆ. ಸುತ್ತಿಗೆಯ ಸದ್ದು ನಿಲ್ಲುವುದಿಲ್ಲ. ಜಗಲಿಯ ಮೇಲೆ ಕೂತು ಅವರು ಹೋಗಿಬರುವವರಿಗೆಲ್ಲ ನನ್ನ ಕೈರುಚಿಯನ್ನು ಕೊಂಡಾಡುವುದು ನಲ್ಲಿಯವರೆಗೂ ಕೇಳಿಸುತ್ತದೆ. ಅಲ್ಲಿರುವ ಹೆಂಗಸರು ಮಾತು ನಿಲ್ಲಿಸಿ ಕೊಡದ ಕಡೆ ನೋಡುತ್ತಾರೆ. ನಾನು ಬಂದರೆ ಸರತಿ ಬಿಟ್ಟುಕೊಡುತ್ತಾರೆ.

ಕಾವಲಿಯ ಪುಟ ಇವತ್ತಿಗೂ ಎಲ್ಲದಕ್ಕಿಂತ ಮೇಲಿದೆ. "ಭಾವನ ಕೈಲಿ ಇನ್ನೊಂದು ಬರೆಸು ಅಕ್ಕ" ಎಂದು ದಾಕ್ಷಾಯಿಣಿ ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ. ಒಮ್ಮೆ ಕೇಳಿದೆ ಕೂಡ. ಅವರು ಪೆನ್ಸಿಲ್ ಕಿವಿಯ ಹಿಂದೆ ಸಿಕ್ಕಿಸಿಕೊಂಡು ಯೋಚನೆ ಮಾಡಿ, "ಏನಂತ ಬರೀಲಿ? ಎಲ್ಲಾ ಚೆನ್ನಾಗೇ ಇದೆಯಲ್ಲ" ಅಂದರು. ರಟ್ಟನ್ನು ಈಗ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಮಧ್ಯಾಹ್ನ ತೆಗೆದು ಓದುತ್ತೇನೆ. ಬರೆದದ್ದು ಅವರು, ಹೋದದ್ದು ಅವರದು. ನನ್ನದು ಏನೂ ಹೋಗಿಲ್ಲ, ಓದಿದಾಗಲೆಲ್ಲ ಎದೆ ಮೊದಲ ದಿನದ ಹಾಗೇ ಹೊಡೆದುಕೊಳ್ಳುತ್ತದೆ. ಅದೇ ಸಂಕಟ.

ನಿನ್ನೆ ಬೇಕೆಂದೇ ಚಟ್ನಿಗೆ ಉಪ್ಪು ಹಾಕಲಿಲ್ಲ. ಒಂದು ಕಲ್ಲೂ ಹಾಕಲಿಲ್ಲ. ಬಡಿಸಿ, ಎದುರಿಗೆ ಕೂತು, ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರು ಮೊದಲ ತುತ್ತು ಅದ್ದಿ ತಿಂದರು, ಎರಡನೆಯದು ತಿಂದರು, ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದುಕೊಂಡು ತಿಂದರು. ಎದ್ದು ಕೈ ತೊಳೆದು, ಅಂಗಡಿಯ ಬಾಗಿಲಿಗೆ ಹೋಗಿ, ಏನೋ ಮರೆತವರ ಹಾಗೆ ತಿರುಗಿದರು.

"ಚಟ್ನಿ ಬಹಳ ಚೆನ್ನಾಗಿತ್ತು" ಅಂದರು.